ಸಹಾಯ ಬೇಕು: ಲಾವೋತ್ಸೆ, ಬುದ್ಧ, ನನ್ನ ರಾಜೀನಾಮೆ ಪತ್ರ

ನಮಸ್ಕಾರ. ವಯಸ್ಸು 29, ಬೆಳ್ಳಂದೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಿಟ್ಟು ಊರಿನ ತೋಟ ನೋಡಿಕೊಳ್ಳಲೋ, ಇಲ್ಲೇ ಇರಲೋ ಗೊತ್ತಾಗುತ್ತಿಲ್ಲ. ರಾಜೀನಾಮೆ ಪತ್ರ ಎರಡು ತಿಂಗಳಿಂದ ಡ್ರಾಫ್ಟ್‌ನಲ್ಲೇ ಕೂತಿದೆ.

ಈ ನಡುವೆ ತಾವೊ ತೆ ಚಿಂಗ್ ಹಿಡಿದಿದ್ದೇನೆ, ಚೀನಾದ ಪ್ರಾಚೀನ ಜ್ಞಾನಿ ಲಾವೋತ್ಸೆ ಬರೆದದ್ದು ಎನ್ನುವ ಪುಸ್ತಕ. 81 ಪುಟ್ಟ ಅಧ್ಯಾಯ. ಸಿಲ್ಕ್ ಬೋರ್ಡ್‌ನಲ್ಲಿ ಬಸ್ ನಿಂತಾಗಲೆಲ್ಲ ಒಂದೊಂದು ಮುಗಿಯುತ್ತದೆ! ಅದರ 'ವು ವೇ' ಅಂದರೆ ಸುಮ್ನೆ ಕೂರುವುದಲ್ಲ, ನೀರಿನ ಹಾಗೆ ಗುದ್ದಾಡದೆ ದಾರಿ ಮಾಡಿಕೊಳ್ಳುವುದು ಅಂತ ನನ್ನ ತಿಳುವಳಿಕೆ. ಆದರೆ ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸರಿಯಾದ ಪ್ರಯತ್ನವೂ ಇದೆ, ಸರಿಯಾದ ಜೀವನೋಪಾಯವೂ ಇದೆ. ಅಲ್ಲೇ ಸಿಕ್ಕಿಕೊಂಡಿದ್ದೇನೆ. ಅಮ್ಮನದು ಮೂರನೇ ಮಾರ್ಗ: ಮೊದಲು ಮದುವೆ.

ಗಾಂಧಿನಗರದ ಬೌದ್ಧ ಕೇಂದ್ರ ಮಹಾಬೋಧಿ ಸೊಸೈಟಿಗೆ ಹೋಗಿ ಅರ್ಧ ಗಂಟೆ ಕೂತು ಬಂದೆ. ಮಾತಾಡಿಸಲು ಸಂಕೋಚ. ಅಲ್ಲಿ ಧ್ಯಾನ ಕಲಿತವರು ಇದ್ದೀರಾ? ತಾವೊ ಬಗ್ಗೆ ಕನ್ನಡದಲ್ಲಿ ಏನು ಓದಬಹುದು? ಕೆಲಸ ಬಿಟ್ಟವರ ಅನುಭವವೂ ಬೇಕು, ಬಿಟ್ಟು ಪೇಚಾಡಿದವರದ್ದು ಇನ್ನೂ ಜಾಸ್ತಿ ಬೇಕು.