ಗೌರಿ ಹೂವಿನ ಗೆಡ್ಡೆ ಗೌಟಿಗೆ ಕೊಡಬಹುದಾ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಮೇಡಂ. ಅಪ್ಪನಿಗೆ ಗೌಟ್. ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಿದೆ, ಹೊದಿಕೆ ತಾಗಿದರೂ ಕಿರುಚುತ್ತಾರೆ. ಡಾಕ್ಟರು ಕಾಲ್ಚಿಸಿನ್ 0.5 ಮಿ.ಗ್ರಾಂ ಮಾತ್ರೆ ಬರೆದಿದ್ದಾರೆ. ಇದೇ ಕಾಲ್ಚಿಸಿನ್ ಗೌರಿ ಹೂವಿನ ಗೆಡ್ಡೆಯಲ್ಲೂ ಇದೆಯಂತೆ. ನಮ್ಮ ತೋಟದ ಬೇಲಿ ತುಂಬಾ ಆ ಬಳ್ಳಿ. ಅಜ್ಜಿ ಮಾತ್ರ ಹೂವು ಕಿತ್ತು ಗೌರಿಗೆ ಇಡು, ಗೆಡ್ಡೆ ಮುಟ್ಟಬೇಡ ಅನ್ನುತ್ತಿದ್ದರು. ಬೇಯಿಸಿ ಸ್ವಲ್ಪ ಕೊಟ್ಟರೆ ಆಗಲ್ವಾ? ಒಂದೇ ವಸ್ತು ವಿಷವೂ ಔಷಧಿಯೂ ಹೇಗಾಗುತ್ತದೆ?

ಉತ್ತರ (ಹಾಸನದ ವೈದ್ಯೆ, ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವರು): ಕೊಡಲೇಬೇಡಿ. ಅಜ್ಜಿ ಹೇಳಿದ್ದೇ ಸರಿ. ಬೇಯಿಸಿದರೂ ಕಾಲ್ಚಿಸಿನ್ ಹೋಗುವುದಿಲ್ಲ. ಗೆಣಸು ಅಂದುಕೊಂಡು ಈ ಗೆಡ್ಡೆ ತಿಂದು ಸತ್ತವರಿದ್ದಾರೆ. ಮಾತ್ರೆಯಲ್ಲಿ ಎಷ್ಟಿದೆ ಅಂತ ಗೊತ್ತು. ಗೆಡ್ಡೆಯಲ್ಲಿ ಎಷ್ಟಿದೆ ಅಂತ ಅಡುಗೆಮನೆಯಲ್ಲಿ ಅಳೆಯೋಕಾಗಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಮ್ಮ ಜೀವಕೋಶ ಬರೀ ರಸ ತುಂಬಿದ ಚೀಲ ಅಲ್ಲ. ಒಳಗೆ ಪ್ರೋಟೀನ್ ಎಳೆಗಳ ಹಂದರವೇ ಇದೆ. ಅತಿ ತೆಳ್ಳಗಿನ ಎಳೆ ಆಕ್ಟಿನ್, ಸುಮಾರು 7 ನ್ಯಾನೋಮೀಟರ್. ನಡುವಿನವು 10. ದಪ್ಪದ್ದು ಮೈಕ್ರೋಟ್ಯೂಬ್ಯೂಲ್, 25 ನ್ಯಾನೋಮೀಟರ್, ಒಳಗೆ ಟೊಳ್ಳು. ಟ್ಯುಬ್ಯುಲಿನ್ ಅನ್ನುವ ಪ್ರೋಟೀನ್ ಜೋಡಿಗಳು ಸಾಲುಗಟ್ಟಿ, ಸಾಮಾನ್ಯವಾಗಿ ಅಂಥ 13 ಸಾಲು ಸೇರಿ ಈ ಕೊಳವೆ ಆಗುತ್ತದೆ. ಒಮ್ಮೆ ಕಟ್ಟಿ ಬಿಟ್ಟದ್ದಲ್ಲ ಇದು. ತುದಿ ಬೆಳೆಯುತ್ತಾ ಇರುತ್ತದೆ, ಥಟ್ಟನೆ ಕಳಚುತ್ತದೆ, ಮತ್ತೆ ಬೆಳೆಯುತ್ತದೆ. ಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು, ಅಂದರೆ ವಂಶವಾಹಿ ಹೊತ್ತ ಎಳೆಗಳನ್ನು, ಆಚೆ ಈಚೆ ಎಳೆಯುವುದೂ ಈ ಕೊಳವೆಗಳೇ.

ಕಾಲ್ಚಿಸಿನ್ ಬಿಡಿ ಟ್ಯುಬ್ಯುಲಿನ್‌ಗೆ ಅಂಟಿಕೊಳ್ಳುತ್ತದೆ. ಅಂಥ ಜೋಡಿ ತುದಿಗೆ ಸೇರಿದರೆ ಅಲ್ಲಿಗೆ ಬೆಳವಣಿಗೆ ನಿಂತಿತು. ವಿಜ್ಞಾನಿಗಳಿಗೆ ಟ್ಯುಬ್ಯುಲಿನ್ ಸಿಕ್ಕಿದ್ದೂ ಈ ವಿಷದ ಜಾಡು ಹಿಡಿದೇ. 1967ರಲ್ಲಿ ಗ್ಯಾರಿ ಬೋರಿಸಿ, ಎಡ್ವಿನ್ ಟೇಲರ್ ವಿಕಿರಣದ ಗುರುತು ಹಾಕಿದ ಕಾಲ್ಚಿಸಿನ್ ಬಿಟ್ಟು, ಅದು ಕೋಶದೊಳಗೆ ಯಾವುದಕ್ಕೆ ಅಂಟುತ್ತದೆ ಅಂತ ನೋಡಿದರು.

ಪ್ರಶ್ನೆ (ಬೇಲೂರು): ಎಲ್ಲಾ ಕೋಶದಲ್ಲೂ ಇದೇ ಹಂದರ ಇದ್ದರೆ, ಮಾತ್ರೆ ತಿಂದವರಿಗೆ ಏನೂ ಆಗಲ್ವಾ ಮೇಡಂ?

ಉತ್ತರ: ಪ್ರಮಾಣದ ಮೇಲೆ ಹೋಗುತ್ತದೆ ಸರ್. ಗೌಟಿನಲ್ಲಿ ಯೂರಿಕ್ ಆಮ್ಲ ಸಣ್ಣ ಸೂಜಿಗಳಂಥ ಹರಳಾಗಿ ಕೀಲಿನಲ್ಲಿ ಕೂರುತ್ತದೆ. ಕೀಲಿನ ಮೆತ್ತನೆ ಮೂಳೆಯಲ್ಲಿ ಕೋಶಗಳು ಬಹಳ ಕಡಿಮೆ. ಬಹುಪಾಲು ಕೋಶದ ಹೊರಗಿನ ಮ್ಯಾಟ್ರಿಕ್ಸ್, ಅಂದರೆ ಕೊಲಾಜನ್ ಅನ್ನುವ ಪ್ರೋಟೀನಿನ ಎಳೆಗಳ ಬಲೆ, ನಡುವೆ ನೀರು ಹಿಡಿದಿಟ್ಟ ಲೋಳೆ. ಹರಳು ಕಂಡ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಹಿಂಡಾಗಿ ನುಗ್ಗುತ್ತವೆ. ಮೊದಲು ಇಂಟಿಗ್ರಿನ್ ಅನ್ನುವ ಕೊಂಡಿಯಿಂದ ರಕ್ತನಾಳದ ಗೋಡೆ ಹಿಡಿಯುತ್ತವೆ. ಆ ಕೊಂಡಿಯ ಒಂದು ತುದಿ ಒಳಗಿನ ಆಕ್ಟಿನ್‌ಗೆ, ಇನ್ನೊಂದು ಹೊರಗೆ. ಆಮೇಲೆ ಗೋಡೆ ದಾಟಿ, ಕೊಲಾಜನ್ ಸಂದಿಯಲ್ಲಿ ಮೈ ಹಿಸುಕಿಕೊಂಡು ತೆವಳುತ್ತವೆ. ಆ ಉರಿ, ಊತ ಹೆಚ್ಚಾಗಿ ಇವುಗಳದ್ದೇ ಕೆಲಸ.

ಕಾಲ್ಚಿಸಿನ್ ಈ ಕಣಗಳಲ್ಲಿ ಜಾಸ್ತಿ ಶೇಖರವಾಗುತ್ತದೆ. ಹಾಗಾಗಿ ಕಡಿಮೆ ಪ್ರಮಾಣದಲ್ಲೇ ಇವುಗಳ ಅಂಟು, ಓಟ ಎರಡೂ ಕುಗ್ಗುತ್ತವೆ. ಯೂರಿಕ್ ಆಮ್ಲ ಮಾತ್ರ ಒಂದಿಷ್ಟೂ ಇಳಿಯುವುದಿಲ್ಲ, ಅದಕ್ಕೆ ಬೇರೆ ಮಾತ್ರೆ.

ಪ್ರಮಾಣ ಮೀರಿದರೆ ಸದಾ ವಿಭಜನೆಯಾಗುವ ಕೋಶಗಳು ಮೊದಲು ಸೋಲುತ್ತವೆ. ಕರುಳಿನ ಒಳಪದರ, ಮೂಳೆಮಜ್ಜೆ, ಕೂದಲ ಬುಡ. ಮೊದಲ ದಿನ ವಾಂತಿ, ಭೇದಿ. ಕೆಲವು ದಿನಕ್ಕೆ ರಕ್ತಕಣ ಕುಸಿಯುತ್ತವೆ, ಕಿಡ್ನಿ, ಹೃದಯ ಕೈಕೊಡಬಹುದು. ಬದುಕಿ ಉಳಿದವರಿಗೆ ಎರಡು ಮೂರು ವಾರಕ್ಕೆ ಕೂದಲು ಉದುರುತ್ತದೆ.

ಪ್ರಶ್ನೆ (ಬಾಳೆಹೊನ್ನೂರು): ಗಿಡಗಳಿಗೂ ಇದನ್ನು ಹಾಕುತ್ತಾರಂತೆ, ನಿಜವಾ?

ಉತ್ತರ: ನಿಜ. 1930ರ ದಶಕದಿಂದ ತಳಿ ಬೆಳೆಸುವವರು ಬಳಸುತ್ತಿದ್ದಾರೆ. ಕ್ರೋಮೋಸೋಮು ದುಪ್ಪಟ್ಟಾಗುತ್ತದೆ, ಎಳೆದು ಬೇರೆ ಮಾಡುವ ಕೊಳವೆ ಇರಲ್ಲ, ಎಲ್ಲಾ ಒಂದೇ ಕೋಶದಲ್ಲಿ ಉಳಿಯುತ್ತವೆ. ಕಾಫಿಯನ್ನೇ ನೋಡಿ, ರೋಬಸ್ಟಾಕ್ಕೆ 22 ಕ್ರೋಮೋಸೋಮು, ಅರೇಬಿಕಾಕ್ಕೆ 44. ರೋಬಸ್ಟಾವನ್ನು ಹೀಗೆ 44ಕ್ಕೆ ಏರಿಸಿ ಅರೇಬಿಕಾ ಜೊತೆ ಕೂಡಿಸಿದ ತಳಿಯೇ ಅರಾಬುಸ್ಟಾ.

ಪ್ರಶ್ನೆ (ಮೂಡಿಗೆರೆ): ಅರ್ಥ ಆಯ್ತು ಮೇಡಂ, ಗೆಡ್ಡೆ ಸಹವಾಸ ಬೇಡ. ಇನ್ನೊಂದು. ಅಪ್ಪನಿಗೆ ಶುಗರ್ ಇದೆ, ಕಿಡ್ನಿ ಸ್ವಲ್ಪ ವೀಕ್ ಅಂದಿದ್ದಾರೆ. ಕೆಮ್ಮಿಗೆ ಅಂತ ಇನ್ನೊಬ್ಬ ಡಾಕ್ಟರು ನಿನ್ನೆ ಆಂಟಿಬಯೋಟಿಕ್ ಬರೆದರು. ಜೊತೆಗೆ ಕೊಡಬಹುದು ಅಲ್ವಾ?

ಉತ್ತರ: ಹೆಸರೇನು ಅದರದ್ದು?

ಪ್ರಶ್ನೆ (ಮೂಡಿಗೆರೆ): ಕ್ಲಾರಿಥ್ರೋಮೈಸಿನ್.

ಉತ್ತರ: ಎರಡೂ ಒಟ್ಟಿಗೆ ಬೇಡ. ಕಾಲ್ಚಿಸಿನ್ ಮೈಯಿಂದ ಹೊರಹೋಗುವ ದಾರಿಯನ್ನೇ ಈ ಆಂಟಿಬಯೋಟಿಕ್ ಅಡ್ಡಗಟ್ಟುತ್ತದೆ. ಕಿಡ್ನಿ ವೀಕ್ ಇದ್ದವರಿಗೆ ಇದು ಪ್ರಾಣಕ್ಕೇ ಕುತ್ತು. ಮುಂದಿನ ಮಾತ್ರೆ ಕೊಡುವ ಮೊದಲು ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಎರಡೂ ಚೀಟಿ ಓದಿ ಹೇಳಿ, ಕಿಡ್ನಿ ವಿಷಯವನ್ನೂ ಹೇಳಿ. ಈಗಾಗಲೇ ಎರಡನ್ನೂ ಕೊಟ್ಟು, ವಾಂತಿ ಭೇದಿ ಶುರುವಾಗಿದ್ದರೆ ಫೋನಿಗೂ ಕಾಯಬೇಡಿ, ಮಾತ್ರೆಯ ಹಾಳೆಗಳನ್ನು ಜೊತೆಗಿಟ್ಟುಕೊಂಡು ಸೀದಾ ಆಸ್ಪತ್ರೆಗೆ ಹೊರಡಿ.