ಅರಿತ್ಮಿಯಾ ಎಂಬುದಕ್ಕೆ ‘ಅನಿಯಮಿತ ಬಡಿತ’ ಸರಿಹೊಂದುತ್ತದೆಯೇ?

ಮಾನ್ಯರೇ,

ಹುಟ್ಟಿನಿಂದಲೇ ಪರಿಧಮನಿಯ (ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳದ) ದೋಷವಿದ್ದು ಶಸ್ತ್ರಚಿಕಿತ್ಸೆಯಾದ ಮಕ್ಕಳ ಮನೆಯವರಿಗಾಗಿ ಕಾಸರಗೋಡಿನ ಕನ್ನಡಿಗರಿಗೆ ತಿಳಿಯುವಂತಹ ಒಂದು ಮಾಹಿತಿ ಪತ್ರವನ್ನು ಸಿದ್ಧಪಡಿಸುತ್ತಿದ್ದೇನೆ. ಇಲ್ಲಿಯವರು ಇಂತಹ ಚಿಕಿತ್ಸೆಗೆ ಮಂಗಳೂರಿಗೋ ತಿರುವನಂತಪುರಕ್ಕೋ ಹೋಗಬೇಕಾಗಿರುವುದರಿಂದ ಅವರ ಕೈಗೆ ಬರುವ ಕಾಗದಗಳಲ್ಲಿ ಕನ್ನಡ ಇರುವುದು ಅಪರೂಪ. ಅವುಗಳಲ್ಲಿನ ‘ಅರಿತ್ಮಿಯಾ’ವನ್ನು, ಎಂದರೆ ಹೃದಯಬಡಿತದ ವೇಗ ಇಲ್ಲವೇ ಕ್ರಮ ಕೆಡುವುದನ್ನು, ‘ಅನಿಯಮಿತ ಹೃದಯಬಡಿತ’ ಎಂದು ಕನ್ನಡಿಸುವುದು ರೂಢಿ. ನನ್ನ ತಕರಾರು ಆ ವಿಶೇಷಣದ ಮೇಲೆ.

ಎಡ ಪರಿಧಮನಿಯು ಮಹಾಪಧಮನಿಯ (ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದ) ಬದಲು ಪುಪ್ಪುಸಕ ಅಪಧಮನಿಯಿಂದ (ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದಿಂದ) ಹೊರಟಿದ್ದರೆ (1933ರಲ್ಲಿ ಬ್ಲಾಂಡ್, ವೈಟ್ ಮತ್ತು ಗಾರ್ಲಂಡ್ ಎಂಬ ವೈದ್ಯರು ವಿವರಿಸಿದ ಸ್ಥಿತಿಯಿದು), ಹುಟ್ಟಿದ ಕೆಲವು ವಾರಗಳಲ್ಲಿ ಪುಪ್ಪುಸಕ ಅಪಧಮನಿಯ ಒತ್ತಡ ಇಳಿಯುತ್ತ ಬಂದಂತೆ ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಸ್ನಾಯುವಿಗೆ ರಕ್ತ ಸಾಲದಾಗುತ್ತದೆ. ಶಸ್ತ್ರವೈದ್ಯರು ಆ ಪರಿಧಮನಿಯ ಬುಡವನ್ನು ಸುತ್ತಲಿನ ಗೋಡೆಯ ಬಿಲ್ಲೆಯೊಂದಿಗೆ ಬಿಡಿಸಿ ಮಹಾಪಧಮನಿಗೆ ಹೊಲಿಯುತ್ತಾರೆ. ರಕ್ತದ ಹರಿವು ಸರಿಹೋದರೂ, ಅದಕ್ಕೆ ಮೊದಲೇ ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಉಳಿಯುತ್ತದೆ. ವಿದ್ಯುತ್ ಸಂಕೇತವು ಆ ಕಲೆಯನ್ನು ಬಳಸಿ ಸುತ್ತತೊಡಗಿದರೆ, ವರ್ಷಗಳ ನಂತರವೂ ಹೃತ್ಕುಕ್ಷಿ ಅತಿವೇಗದಲ್ಲಿ ಬಡಿಯಬಹುದು.

ಈ ಬಡಿತ ಹೆಚ್ಚಾಗಿ ಅನಿಯಮಿತವಾಗಿರುವುದಿಲ್ಲ. ಇಸಿಜಿ ಪಟ್ಟಿಯಲ್ಲಿ ಅಗಲವಾದ ಏರಿಳಿತಗಳು ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಸಾಲುಗಟ್ಟಿರುತ್ತವೆ. ಹೃದಯ ಶಸ್ತ್ರಚಿಕಿತ್ಸೆಯ ಬೆನ್ನಿಗೆ ಸಂಕೇತದ ಹಾದಿಯಲ್ಲಿ ಪೂರ್ಣ ತಡೆಯುಂಟಾದಾಗಲೂ ಬಡಿತ ನಿಧಾನವಾಗುತ್ತದೆಯೇ ಹೊರತು ಸಾಮಾನ್ಯವಾಗಿ ಕ್ರಮಗೆಡುವುದಿಲ್ಲ. ಆದರೆ ಆರೋಗ್ಯವಂತ ಮಗುವಿನ ನಾಡಿ ಹಿಡಿದು ನೋಡಿದರೆ, ಉಸಿರೆಳೆದಾಗ ತುಸು ಬಿರುಸಾಗಿಯೂ ಬಿಟ್ಟಾಗ ತುಸು ನಿಧಾನವಾಗಿಯೂ ಇರುತ್ತದೆ. ನಮ್ಮ ವಿಶೇಷಣವನ್ನು ನಂಬಿದ ತಾಯಿ ಈ ಸಹಜವಾದುದಕ್ಕೆ ಹೆದರಿ, ಆ ಅಪಾಯದ್ದಕ್ಕೆ ಸುಮ್ಮನಿದ್ದರೆ ತಪ್ಪು ಅವರದಲ್ಲ.

‘ಲಯದೋಷ’ವನ್ನು ಯೋಚಿಸಿದ್ದೆ. ಯಕ್ಷಗಾನದ ಈ ಸೀಮೆಯಲ್ಲಿ ಲಯವೆಂದರೇನೆಂದು ವಿವರಿಸಬೇಕಿಲ್ಲ, ನಿಜ. ಆದರೆ ‘ಹೃದಯದ ಲಯ’ ಎಂದೊಡನೆ ಸೃಷ್ಟಿ, ಸ್ಥಿತಿಗಳ ಜೊತೆಗಿನ ಲಯ ನೆನಪಾದರೆ ರೋಗಿಯ ಮನೆಯವರ ಪಾಡೇನು? ‘ತಾಳ ತಪ್ಪುವುದು’ ಎಂದರೆ ಮತ್ತೆ ಅನಿಯಮಿತವೆಂದೇ ಆಯಿತು. ಮಲಯಾಳದ ‘ಹೃದಯಮಿಡಿಪ್ಪ್’ ಕೇಳಿ ಬೆಳೆದ ನಮಗೆ ‘ಮಿಡಿತ’ ಹತ್ತಿರವಾದರೂ, ಕನ್ನಡದಲ್ಲಿ ಅದಕ್ಕೆ ಮರುಕದ ಛಾಯೆ ಅಂಟಿಕೊಂಡಿದೆ.

ಸದ್ಯಕ್ಕೆ ನಾನು ‘ಬಡಿತದೋಷ’ ಎಂದಿಟ್ಟುಕೊಂಡು, ಅದಕ್ಕೆ ‘ಅತಿವೇಗದ’, ‘ನಿಧಾನದ’, ‘ಕ್ರಮಗೆಟ್ಟ’ ಎಂಬ ವಿಶೇಷಣಗಳನ್ನು ಬೇಕಾದಂತೆ ಸೇರಿಸುತ್ತಿದ್ದೇನೆ. ಮಗು ಹೇಳುವ ತೊಂದರೆಗೆ ‘ಎದೆ ಹೊಡೆದುಕೊಳ್ಳುವುದು’ ಎಂಬ ಆಡುಮಾತನ್ನೇ ಉಳಿಸಿಕೊಂಡಿದ್ದೇನೆ; ಅದು ರೋಗದ ಹೆಸರಲ್ಲ, ಅನುಭವದ ಹೆಸರು. ‘ಬಡಿತದೋಷ’ವು ಕನ್ನಡ, ಸಂಸ್ಕೃತ ಪದಗಳನ್ನು ಬೆರೆಸಿದ ಅರಿಸಮಾಸವೆಂಬ ಆಕ್ಷೇಪ ಬರಬಹುದು, ಜನರಿಗೆ ಅರ್ಥವಾಗುವುದಾದರೆ ನನಗೆ ಅದರ ಚಿಂತೆಯಿಲ್ಲ. ವೈದ್ಯಕೀಯ ಬರಹಗಳಲ್ಲಿ ಈ ಪದವನ್ನು ಯಾರಾದರೂ ಬಳಸಿದ್ದುಂಟೇ? ಅಥವಾ ವೇಗ, ನಿಧಾನ, ಕ್ರಮಭಂಗ ಮೂರನ್ನೂ ಒಳಗೊಳ್ಳುವ ಬೇರೆ ಪದ ನಿಮ್ಮ ಕಡೆ ರೂಢಿಯಲ್ಲಿದೆಯೇ?