ಸರ್ವರ್‌ಗಳಿಗೆ ತಾನಾಗೇ ಓಎಸ್ ಹಾಕುವಾಗ ಬೂಟ್ ಡಿಸ್ಕ್ ತಪ್ಪುತ್ತಿದೆ, ನಿಮ್ಮ ಅನುಭವ ಹೇಳಿ

ಮಂಡ್ಯದಿಂದ, ಕಾಲೇಜು ಲ್ಯಾಬ್ ನೋಡಿಕೊಳ್ಳುವವರು:

ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬ್‌ಗೆ ಬಳಸಿದ ರ‍್ಯಾಕ್ ಸರ್ವರ್‌ಗಳು ಬಂದಿವೆ. ಒಂದೊಂದರಲ್ಲೂ ಎರಡು ಚಿಕ್ಕ ಎಸ್‌ಎಸ್‌ಡಿ, ನಾಲ್ಕು ದೊಡ್ಡ ಹಾರ್ಡ್ ಡಿಸ್ಕ್. ಪಿಎಕ್ಸ್‌ಇ ಮೂಲಕ, ಅಂದರೆ ಡಿಸ್ಕಿನ ಬದಲು ನೆಟ್‌ವರ್ಕಿನಿಂದ ಬೂಟ್ ಮಾಡಿಸಿ, ಕಿಕ್‌ಸ್ಟಾರ್ಟ್ ಫೈಲ್ (ಇನ್‌ಸ್ಟಾಲರ್ ಕೇಳುವುದಕ್ಕೆಲ್ಲ ಮೊದಲೇ ಉತ್ತರ ಬರೆದಿಟ್ಟ ಫೈಲ್) ಕೊಟ್ಟು ಆಲ್ಮಾಲಿನಕ್ಸ್ ಅನ್ನುವ ಲಿನಕ್ಸ್ ಹಾಕುತ್ತಿದ್ದೇವೆ. ಫೈಲ್ ಒಂದೇ, ಯಂತ್ರಗಳ ಮಾಡೆಲ್ಲೂ ಒಂದೇ. ಆದರೂ ಕೆಲವು ಸರಿಯಾಗಿ ಏಳುತ್ತವೆ, ಕೆಲವು ದೊಡ್ಡ ಡಿಸ್ಕಿಗೆ ಓಎಸ್ ಹಾಕಿಕೊಳ್ಳುತ್ತವೆ, ಕೆಲವು ಇನ್‌ಸ್ಟಾಲ್ ಮುಗಿದ ಮೇಲೆ ಬೂಟ್ ಡಿಸ್ಕೇ ಇಲ್ಲ ಅನ್ನುತ್ತವೆ. ಒಂದಂತೂ ಮುಗಿಸಿ ರೀಬೂಟ್ ಆಗಿ ಮತ್ತೆ ಮೊದಲಿಂದ ಇನ್‌ಸ್ಟಾಲ್ ಶುರು ಮಾಡುತ್ತದೆ. ಸೆಮಿಸ್ಟರ್ ಶುರುವಾಗುವ ಮೊದಲು ಎಲ್ಲ ಓಡಬೇಕು. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಮೈಸೂರಿನ ಹೆಬ್ಬಾಳದಿಂದ:

ಸಾರ್, ನಿಮ್ಮ ಫೈಲಲ್ಲಿ "ಎಸ್‌ಡಿಎ" ಅಂತ ಡಿಸ್ಕ್ ಹೆಸರು ಬರೆದಿದ್ದೀರಾ ನೋಡಿ. ಬರೆದಿದ್ದರೆ ದೊಡ್ಡ ಡಿಸ್ಕಿಗೆ ಓಎಸ್ ಹೋಗುವುದಕ್ಕೆ ಕಾರಣ ಅದೇ ಇರಬೇಕು. ಎಸ್‌ಡಿಎ, ಎಸ್‌ಡಿಬಿ ಅನ್ನುವುದು ಯಾವ ಡಿಸ್ಕಿನ ಸ್ವಂತ ಹೆಸರೂ ಅಲ್ಲ. ಬೂಟ್ ಆಗುವಾಗ ಕರ್ನಲ್‌ಗೆ (ಲಿನಕ್ಸ್‌ನ ತಿರುಳು) ಯಾವುದು ಮೊದಲು ಕಾಣುತ್ತದೋ ಅದಕ್ಕೆ ಎಸ್‌ಡಿಎ ಅನ್ನುತ್ತದೆ. ಎರಡು ಕಂಟ್ರೋಲರ್ (ಡಿಸ್ಕ್‌ಗಳನ್ನು ನಡೆಸುವ ಕಾರ್ಡ್ ಅಥವಾ ಚಿಪ್) ಇದ್ದರೆ ಒಂದು ಸಲ ಇದು ಮೊದಲು, ಇನ್ನೊಂದು ಸಲ ಅದು ಮೊದಲು. ಸರ್ವರ್‌ನ ರಿಮೋಟ್ ಕನ್ಸೋಲಿನಿಂದ ವರ್ಚುವಲ್ ಯುಎಸ್‌ಬಿ ಹಚ್ಚಿದ್ದರೆ ಅದೇ ಎಸ್‌ಡಿಎ ಆಗಿ ಕೂರುವುದೂ ಉಂಟು.

ಹಾಗಾಗಿ ಹೆಸರು ಬಿಡಿ, ಗುರುತು ಹಿಡಿಯಿರಿ. ಲಿನಕ್ಸ್‌ನಲ್ಲಿ ಡೆವ್ ಫೋಲ್ಡರಿನ ಒಳಗೆ ಡಿಸ್ಕ್ ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ "ಬೈ-ಐಡಿ" ಮತ್ತು "ಬೈ-ಪಾತ್" ಸಿಗುತ್ತವೆ. ಬೈ-ಐಡಿಯಲ್ಲಿ ಡಿಸ್ಕಿನ ಸೀರಿಯಲ್ ನಂಬರ್, ಡಬ್ಲ್ಯುಡಬ್ಲ್ಯುಎನ್ (ತಯಾರಕರು ಕೊಡುವ ಗುರುತು ಸಂಖ್ಯೆ) ಇರುತ್ತವೆ. ಅದು ಒಂದೊಂದು ಡಿಸ್ಕಿಗೂ ಬೇರೆ, ಹಾಗಾಗಿ ಎಲ್ಲ ಯಂತ್ರಕ್ಕೂ ಒಂದೇ ಫೈಲ್ ಬೇಕು ಅನ್ನುವವರಿಗೆ ಆಗಿಬರುವುದಿಲ್ಲ. ಬೈ-ಪಾತ್ ಹೇಳುವುದು ಡಿಸ್ಕ್ ಯಾವ ಕಂಟ್ರೋಲರಿನ ಯಾವ ಪೋರ್ಟಿನಲ್ಲಿದೆ ಅಂತ. ಒಂದೇ ಮಾಡೆಲ್, ಒಂದೇ ಸ್ಲಾಟಿನಲ್ಲಿ ಡಿಸ್ಕ್ ಅಂದರೆ ಇದು ಎಲ್ಲ ಕಡೆ ಒಂದೇ ಇರುತ್ತದೆ. ನಿಮಗೆ ಇದು ಹೊಂದುತ್ತದೆ ಅನ್ನಿಸುತ್ತದೆ. ಆದರೆ ಮೊದಲು ಎರಡು ಮೂರು ಯಂತ್ರಗಳಲ್ಲಿ ಹೋಲಿಸಿ ನೋಡಿ. ಬಳಸಿದ ಯಂತ್ರಗಳಲ್ವಾ, ಯಾರೋ ಒಳಗೆ ಕೇಬಲ್ ಅದಲುಬದಲು ಮಾಡಿರಬಹುದು.

ಸ್ಲಾಟ್ ಮೇಲೂ ನಂಬಿಕೆ ಇಲ್ಲ ಅಂದರೆ ಕಿಕ್‌ಸ್ಟಾರ್ಟಿನ "ಪ್ರೀ" ಭಾಗದಲ್ಲಿ (ಇನ್‌ಸ್ಟಾಲ್‌ಗೆ ಮೊದಲು ಓಡುವ ಭಾಗ) ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಿಂದ ಡಿಸ್ಕ್‌ಗಳ ಪಟ್ಟಿ ತೆಗೆಯಿರಿ. ಯುಎಸ್‌ಬಿ ಬಿಡಿ, ತಿರುಗುವ ಡಿಸ್ಕ್ ಬಿಡಿ, ಉಳಿದ ಎಸ್‌ಎಸ್‌ಡಿಗಳನ್ನು ಆರಿಸಿ. ಆಮೇಲೆ ಡಿಸ್ಕಿನ ಸಾಲುಗಳನ್ನು ಟೆಂಪ್ ಫೋಲ್ಡರಿನ ಒಂದು ಫೈಲಿಗೆ ಬರೆದು, ಮುಖ್ಯ ಫೈಲಿನಲ್ಲಿ ಇನ್‌ಕ್ಲೂಡ್ ಮಾಡಿ. ನಾನು ಒಂದು ಷರತ್ತು ತಪ್ಪದೆ ಹಾಕುತ್ತೇನೆ: ಆರಿಸಿದ ಮೇಲೆ ಸರಿಯಾಗಿ ಎರಡು ಡಿಸ್ಕ್ ಉಳಿಯದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಬೇಕು. ಅಂದಾಜಿನ ಮೇಲೆ ಮುಂದೆ ಹೋಗಿ ಯಾರದೋ ಡೇಟಾ ಅಳಿಸುವುದಕ್ಕಿಂತ ನಿಂತ ಸ್ಕ್ರೀನ್ ಎಷ್ಟೋ ಮೇಲು.

ಇನ್ನೊಂದು ವಿಷಯ. "ಕ್ಲಿಯರ್‌ಪಾರ್ಟ್ ಆಲ್" (ಇರುವುದೆಲ್ಲ ಅಳಿಸು) ಮತ್ತು "ಆಟೋಪಾರ್ಟ್" (ಜಾಗ ನೀನೇ ಹಂಚು) ಇದ್ದು "ಇಗ್ನೋರ್‌ಡಿಸ್ಕ್ ಓನ್ಲಿ-ಯೂಸ್" (ಇಷ್ಟೇ ಡಿಸ್ಕ್ ಬಳಸು) ಇಲ್ಲದಿದ್ದರೆ, ಇನ್‌ಸ್ಟಾಲರ್ ಆರೂ ಡಿಸ್ಕ್ ಒರೆಸಿ, ಎಲ್ಲದರ ಮೇಲೂ ಎಲ್‌ವಿಎಂ (ಹಲವು ಡಿಸ್ಕ್ ಸೇರಿಸಿ ಒಂದೇ ಜಾಗ ಮಾಡುವ ಪದರ) ಹರಡುತ್ತದೆ. ಮುಂದೆ ಒಂದು ಡಿಸ್ಕ್ ಹೋದರೂ ಓಎಸ್ ಹೋಯಿತು. ಆ ಸಾಲು ಇರಲೇಬೇಕು.

ಹೂಟಗಳ್ಳಿಯಿಂದ:

ಮೇಲೆ ಹೇಳಿದ್ದು ಸರಿ. ಆದರೆ ಬಳಸಿದ ಡಿಸ್ಕ್ ಅಂದಮೇಲೆ ಹಳೇ ಗುರುತುಗಳು ಉಳಿದಿರುತ್ತವೆ. ಹಳೇ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವ್ಯವಸ್ಥೆ), ಹಳೇ ಎಲ್‌ವಿಎಂ ಕಂಡು ಇನ್‌ಸ್ಟಾಲರ್ ಗೊಂದಲಕ್ಕೆ ಬೀಳುತ್ತದೆ. ಡಿಸ್ಕಿನ ಮೊದಲ ಕೆಲವು ಎಂಬಿಗೆ ಸೊನ್ನೆ ಬರೆದರೆ ಸಾಕು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಸಾಲದು. ಜಿಪಿಟಿಯ (ಡಿಸ್ಕಿನ ಪಾರ್ಟಿಷನ್ ಪಟ್ಟಿ) ಎರಡನೇ ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಕೆಲವು ರೇಡ್ ಮೆಟಾಡೇಟಾ (ರೇಡ್‌ನ ಗುರುತು ಮಾಹಿತಿ) ಇರುವುದೂ ಕೊನೆಯಲ್ಲೇ. ರೇಡ್ ಓಡುತ್ತಿದ್ದರೆ ಮೊದಲು ಎಂಡಿಎಡಿಎಂ ಕಮಾಂಡಿನಿಂದ ಅದನ್ನು ನಿಲ್ಲಿಸಿ, ಸೂಪರ್‌ಬ್ಲಾಕ್ (ಅದೇ ಗುರುತು ಮಾಹಿತಿ) ಅಳಿಸಿ. ಆಮೇಲೆ ಪಾರ್ಟಿಷನ್‌ಗಳ ಮೇಲೂ ಇಡೀ ಡಿಸ್ಕಿನ ಮೇಲೂ ಹಳೇ ಗುರುತು ಅಳಿಸುವ ವೈಪ್‌ಎಫ್‌ಎಸ್ ಓಡಿಸಿ. ಕೊನೆಗೆ ಜಿಪಿಟಿ ಅಳಿಸಲು ಎಸ್‌ಜಿಡಿಸ್ಕ್‌ನ ಝ್ಯಾಪ್-ಆಲ್.

ನಾವಂತೂ ಇನ್‌ಸ್ಟಾಲ್ ಮಾಡುವಾಗ ಡೇಟಾ ಡಿಸ್ಕ್‌ಗಳನ್ನು ಹೊರಗೆಳೆದು ಇಡುತ್ತೇವೆ. ಸುಮ್ನೆ ತಲೆನೋವು ಯಾಕೆ?

ಡಿಸ್ಕೇ ಕಾಣುತ್ತಿಲ್ಲ ಅಂದರೆ ಕಂಟ್ರೋಲರ್ ಕಡೆ ನೋಡಿ. ರೇಡ್ ಕಾರ್ಡಿನಲ್ಲಿ ವರ್ಚುವಲ್ ಡಿಸ್ಕ್ ಮಾಡದಿದ್ದರೆ, ಅಥವಾ ಜೆಬಿಒಡಿ ಮೋಡಿಗೆ (ಒಂದೊಂದು ಡಿಸ್ಕನ್ನೂ ಹಾಗೇ ಬಿಡುವುದು) ಹಾಕದಿದ್ದರೆ, ಓಎಸ್‌ಗೆ ಏನೂ ಕಾಣುವುದಿಲ್ಲ. ಹಳೇ ಕಾರ್ಡುಗಳದ್ದು ಇನ್ನೊಂದು ಕಥೆ. ಆಲ್ಮಾಲಿನಕ್ಸ್‌ಗೆ ಆಧಾರವಾದ ರೆಡ್ ಹ್ಯಾಟ್ 8ರಲ್ಲಿ ಹಲವು ಹಳೇ ಎಸ್‌ಎಎಸ್ (ಸರ್ವರ್ ಡಿಸ್ಕ್‌ಗಳ ಒಂದು ಬಗೆ) ಮತ್ತು ರೇಡ್ ಕಾರ್ಡುಗಳ ಬೆಂಬಲ ತೆಗೆದುಬಿಟ್ಟರು. ಆಲ್ಮಾಲಿನಕ್ಸ್ 9.4ರಲ್ಲಿ ಅವುಗಳಲ್ಲಿ ಕೆಲವನ್ನು ವಾಪಸ್ ಸೇರಿಸಿದ್ದಾರೆ. ಇಲ್ಲದಿದ್ದರೆ ಇಎಲ್‌ರೆಪೋ ಅನ್ನುವ ಸಮುದಾಯದವರ ಡ್ರೈವರ್ ಡಿಸ್ಕ್ ಇದೆ.

ಸರಸ್ವತಿಪುರಂನಿಂದ:

ಡಿಸ್ಕ್ ಹೊರಗೆಳೆಯುವುದು ನಾಲ್ಕು ಯಂತ್ರಕ್ಕೆ ಸರಿ ಅಣ್ಣ. ರ‍್ಯಾಕ್ ತುಂಬ ಇದ್ದರೆ ಕೈ ಸೋಲುತ್ತದೆ, ವಾಪಸ್ ಹಾಕುವಾಗ ಸ್ಲಾಟೂ ತಪ್ಪುತ್ತದೆ. ಅದನ್ನು ಫೈಲೇ ನೋಡಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಹಲವು ಯಂತ್ರಗಳು ಹಂಚಿಕೊಳ್ಳುವ ಸ್ಯಾನ್ ಸ್ಟೋರೇಜಿಗೆ ಫೈಬರ್ ಕೇಬಲ್ ಹೋಗಿದ್ದರೆ ಮಾತ್ರ ನಾನೂ ಕೇಬಲ್ ಕಿತ್ತೇ ಇನ್‌ಸ್ಟಾಲ್ ಮಾಡುತ್ತೇನೆ. ಅಲ್ಲಿ ಹೋಗುವುದು ಒಂದು ಯಂತ್ರದ ಡೇಟಾ ಅಲ್ಲ.

ಉಬುಂಟು ಬಳಸುವವರಿಗೆ: ಕಿಕ್‌ಸ್ಟಾರ್ಟಿನಂಥದ್ದೇ ಆದ ಆಟೋಇನ್‌ಸ್ಟಾಲಿನಲ್ಲಿ ಡಿಸ್ಕನ್ನು ಸೀರಿಯಲ್, ಅಳತೆ, ಎಸ್‌ಎಸ್‌ಡಿ ಹೌದೋ ಅಲ್ಲವೋ ಅನ್ನುವುದರ ಮೇಲೆ ಹೊಂದಿಸಬಹುದು. ಎಲ್‌ವಿಎಂ ಲೇಔಟ್ ಕೊಟ್ಟರೆ ಅದು ಪೂರ್ತಿ ಜಾಗ ಬಳಸುವುದಿಲ್ಲ. ಸೈಝಿಂಗ್ ಪಾಲಿಸಿಗೆ "ಆಲ್" ಅಂತ ಕೊಡಿ. ಮಾಸ್ (ಉಬುಂಟುವಿನವರ ಸರ್ವರ್ ನಿರ್ವಹಣೆಯ ಸಾಫ್ಟ್‌ವೇರ್) ಬಳಸಿದರೆ ಯಂತ್ರದ ಸ್ಟೋರೇಜ್ ಪುಟದಲ್ಲಿ ಬೂಟ್ ಡಿಸ್ಕ್ ಯಾವುದು ಅಂತ ಡಿಪ್ಲಾಯ್ ಮಾಡುವ ಮೊದಲೇ ನೋಡಿ ಬದಲಿಸಿ. ಮೊದಲು ಸಿಕ್ಕ ಡಿಸ್ಕನ್ನೇ ಅದು ಬೂಟ್ ಡಿಸ್ಕ್ ಅಂದುಕೊಂಡಿರುತ್ತದೆ.

ಮದ್ದೂರಿನಿಂದ:

ಬೂಟ್ ಡಿಸ್ಕ್ ಇಲ್ಲ ಅನ್ನುವುದಕ್ಕೂ, ಮತ್ತೆ ಮತ್ತೆ ಇನ್‌ಸ್ಟಾಲ್ ಆಗುವುದಕ್ಕೂ ಬೇರು ಒಂದೇ ಇರಬಹುದು. ಯಂತ್ರ ಏಳುವ ಎರಡು ವಿಧಾನಗಳಲ್ಲಿ ಹೊಸ ಯುಇಎಫ್‌ಐಯಲ್ಲಿದೆಯೋ, ಹಳೇ ಲೆಗಸಿ ಬಯಾಸ್‌ನಲ್ಲಿದೆಯೋ? ಇನ್‌ಸ್ಟಾಲರ್ ತಾನು ಯಾವ ಮೋಡಿನಲ್ಲಿ ಎದ್ದಿತೋ ಅದಕ್ಕೆ ತಕ್ಕ ಬೂಟ್‌ಲೋಡರ್ (ಓಎಸ್ ಎಬ್ಬಿಸುವ ಪ್ರೋಗ್ರಾಂ) ಹಾಕುತ್ತದೆ. ನೆಟ್‌ವರ್ಕಿನಿಂದ ಲೆಗಸಿಯಲ್ಲಿ ಎದ್ದು, ಡಿಸ್ಕಿನಿಂದ ಯುಇಎಫ್‌ಐಯಲ್ಲಿ ಏಳಲು ಹೋದರೆ ಏನೂ ಸಿಗುವುದಿಲ್ಲ. ಇನ್‌ಸ್ಟಾಲ್ ನಡೆಯುವಾಗಲೇ ಶೆಲ್‌ಗೆ ಹೋಗಿ, ಸಿಸ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿ ಇಎಫ್‌ಐ ಇದೆಯಾ ನೋಡಿ. ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ.

ಐಪಿಎಂಐನಿಂದ (ಸರ್ವರನ್ನು ದೂರದಿಂದ ನಡೆಸುವ ವ್ಯವಸ್ಥೆ) ಒಂದು ಸಲಕ್ಕೆ ಪಿಎಕ್ಸ್‌ಇ ಅಂತ ಹೇಳಿ ಬೂಟ್ ಮಾಡಿಸುತ್ತೀರಾ? ಹಾಗಿದ್ದರೆ ಆ ಕಮಾಂಡಿಗೆ "ಆಪ್ಷನ್ಸ್ ಇಎಫ್‌ಐಬೂಟ್" ಸೇರಿಸಿ. ಅದಿಲ್ಲದಿದ್ದರೆ ಕೆಲವು ಯಂತ್ರಗಳು ಲೆಗಸಿಗೆ ಜಾರುತ್ತವೆ.

ಲೆಗಸಿಯಲ್ಲಿ ಬೂಟ್ ಆರ್ಡರಿನಲ್ಲಿ ನೆಟ್‌ವರ್ಕ್ ಮೊದಲಿದ್ದರೆ ಇನ್‌ಸ್ಟಾಲ್ ಮುಗಿದ ಮೇಲೂ ಅದೇ ಮೊದಲು. ಹಾಗಾಗಿ ಸುತ್ತು ನಿಲ್ಲುವುದೇ ಇಲ್ಲ. ಡಿಸ್ಕ್ ಯಾವಾಗಲೂ ಮೊದಲಿರಲಿ, ಬೇಕಾದಾಗ ಮಾತ್ರ ಒಂದು ಸಲಕ್ಕೆ ಪಿಎಕ್ಸ್‌ಇ. ಕಾಬ್ಲರ್ (ನೆಟ್‌ವರ್ಕ್ ಇನ್‌ಸ್ಟಾಲ್ ನಡೆಸುವ ಸಾಫ್ಟ್‌ವೇರ್) ಬಳಸುವವರಿಗೆ "ಪಿಎಕ್ಸ್‌ಇ ಜಸ್ಟ್ ಒನ್ಸ್" ಅನ್ನುವ ಸೆಟ್ಟಿಂಗ್ ಇದೆ. ಮಾಸ್‌ನವರು ಮಾತ್ರ ಡಿಸ್ಕನ್ನು ಮೊದಲಿಡಬೇಡಿ, ಮಾಸ್‌ಗೆ ಬೂಟ್ ಆರ್ಡರಿನಲ್ಲಿ ನೆಟ್‌ವರ್ಕೇ ಮೊದಲಿರಬೇಕು.

ಮಂಡ್ಯದಿಂದ ಮತ್ತೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಫೈಲಿನಲ್ಲಿ ಎಸ್‌ಡಿಎ ಇತ್ತು. ಬೈ-ಪಾತ್ ಹಾಕಿದ ಮೇಲೆ ಓಎಸ್ ಎಸ್‌ಎಸ್‌ಡಿಗೇ ಹೋಗುತ್ತಿದೆ. ಸುತ್ತುತ್ತಿದ್ದ ಯಂತ್ರ ಲೆಗಸಿಯಲ್ಲಿತ್ತು, ಎಲ್ಲವನ್ನೂ ಯುಇಎಫ್‌ಐಗೆ ತಂದೆವು. ಈಗ ಒಂದೇ ಪ್ರಶ್ನೆ. ಎರಡು ಎಸ್‌ಎಸ್‌ಡಿಯನ್ನು ಸಾಫ್ಟ್‌ವೇರ್ ರೇಡ್ 1 (ಎರಡರಲ್ಲೂ ಒಂದೇ ಪ್ರತಿ) ಮಾಡಿದ್ದೇವೆ. ಒಂದು ಕೆಟ್ಟರೆ ಇನ್ನೊಂದರಿಂದ ನಿಜವಾಗಿ ಏಳುತ್ತದಾ?

ಹೆಬ್ಬಾಳದಿಂದ:

ಇಎಫ್‌ಐ ಪಾರ್ಟಿಷನ್ (ಬೂಟ್‌ಲೋಡರ್ ಇರುವ ಜಾಗ) ಎರಡರಲ್ಲೂ ಇದ್ದರೆ ಮಾತ್ರ ಏಳುತ್ತದೆ. ಅದನ್ನೂ ರೇಡ್ 1 ಮಾಡುವುದಾದರೆ ಮೆಟಾಡೇಟಾ 1.0 ಇರಬೇಕು. ಅದು ಕೊನೆಯಲ್ಲಿ ಕೂರುವುದರಿಂದ ಫರ್ಮ್‌ವೇರ್‌ಗೆ (ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಮಾಮೂಲಿ ಫ್ಯಾಟ್ ಪಾರ್ಟಿಷನ್ನಾಗಿ ಕಾಣುತ್ತದೆ. ಬೂಟ್ ಪಟ್ಟಿ ತೋರಿಸುವ ಇಎಫ್‌ಐಬೂಟ್‌ಎಂಜಿಆರ್ ಓಡಿಸಿ, ಎರಡು ಡಿಸ್ಕಿಗೂ ಎಂಟ್ರಿ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ. ಇಎಫ್‌ಐ ಒಳಗಿನ ಬೂಟ್ ಫೋಲ್ಡರಿನಲ್ಲಿ ಬೂಟ್‌ಎಕ್ಸ್64 ಫೈಲ್ ಇರಲಿ. ಮದರ್‌ಬೋರ್ಡ್ ಬದಲಾಗಿ ಎಂಟ್ರಿಗಳು ಹೋದರೂ ಫರ್ಮ್‌ವೇರ್ ಅದನ್ನು ಹುಡುಕುತ್ತದೆ.

ಆಮೇಲೆ ಪರೀಕ್ಷೆ ಮಾಡಿ. ಆಫ್ ಮಾಡಿ ಮೊದಲ ಎಸ್‌ಎಸ್‌ಡಿ ತೆಗೆದು ಬೂಟ್ ಮಾಡಿ. ಎದ್ದರೆ ಅದನ್ನು ವಾಪಸ್ ಹಾಕಿ, ರೇಡ್‌ಗೆ ಮತ್ತೆ ಸೇರಿಸಿ. ಪ್ರಾಕ್ ಫೋಲ್ಡರಿನ ಎಂಡಿಸ್ಟಾಟ್ ಫೈಲ್ ನೋಡುತ್ತಾ ಸಿಂಕ್ ಪೂರ್ತಿ ಮುಗಿಯುವವರೆಗೆ ಕಾಯಿರಿ. ಅದಾದ ಮೇಲೇ ಎರಡನೆಯದನ್ನು ತೆಗೆಯಿರಿ.